ಒಪ್ಪಿಗೆಯ ವಿಚ್ಛೇದನ: ಸಹಿ ಹಾಕುವ ಮುಂಚೆ ರಾಜಿಪತ್ರದಲ್ಲಿ ಏನೇನು ಇರಬೇಕು

ಗಂಡ ಹೆಂಡತಿ ಇಬ್ಬರೂ "ಇನ್ನು ಸಾಕು" ಅಂತ ತೀರ್ಮಾನಕ್ಕೆ ಬಂದ ಮೇಲೆ ಕೋರ್ಟಿನ ಕೆಲಸ ಅಷ್ಟೇನೂ ದೊಡ್ಡದಲ್ಲ. ಕೆಲವು ಸಲ ಓಡಾಡಿದರೆ ಡಿಕ್ರಿ, ಅಂದರೆ ವಿಚ್ಛೇದನದ ಕೋರ್ಟ್ ಆದೇಶ, ಕೈಗೆ ಬರುತ್ತದೆ. ತಕರಾರು ಹುಟ್ಟುವುದು ಆಮೇಲೆ. ಜಂಟಿ ಸಾಲದ ಕಂತು ಕಟ್ಟಿಲ್ಲ ಅಂತ ಬ್ಯಾಂಕಿನಿಂದ ಫೋನು ಬರುತ್ತದೆ, ಶನಿವಾರ ಮಗುವನ್ನು ಕಳಿಸಲಿಲ್ಲ ಅಂತ ಗೇಟಿನ ಮುಂದೆ ಜಗಳ ಆಗುತ್ತದೆ, ಮಗಳ ಪಾಸ್‌ಪೋರ್ಟಿಗೆ ಸಹಿ ಬೇಕಾದಾಗ ಆ ಕಡೆಯವರು ಫೋನೇ ಎತ್ತುವುದಿಲ್ಲ. ಇದಕ್ಕೆಲ್ಲ ಉತ್ತರ ಇರಬೇಕಾದದ್ದು ಅರ್ಜಿಯ ಜೊತೆ ಕೊಡುವ ರಾಜಿಪತ್ರದಲ್ಲಿ. ದುರದೃಷ್ಟಕ್ಕೆ, ಬೇಗ ಮುಗಿದರೆ ಸಾಕು ಎಂಬ ಅವಸರದಲ್ಲಿ ಜನ ಓದದೆ ಸಹಿ ಹಾಕುವ ಕಾಗದವೂ ಅದೇ. ಹಾಗಾಗಿ ಇಲ್ಲಿ ಕೋರ್ಟಿನ ಹಂತಗಳನ್ನು ಚಿಕ್ಕದಾಗಿ ಹೇಳಿ, ರಾಜಿಪತ್ರದ ಬಗ್ಗೆ ಹೆಚ್ಚು ಬರೆದಿದೆ.

ಯಾವ ಕಾಯ್ದೆ, ಯಾವ ಕೋರ್ಟು

ಮೊದಲು ಮದುವೆಯ ನೋಂದಣಿ ಪತ್ರ ತೆಗೆದು, ಮೇಲ್ಭಾಗದಲ್ಲಿ ಯಾವ ಕಾಯ್ದೆಯ ಹೆಸರಿದೆ ನೋಡಿ. ಹಿಂದೂ ವಿವಾಹ ಕಾಯ್ದೆ, 1955 ಅಂತಿದ್ದರೆ ಒಪ್ಪಿಗೆಯ ವಿಚ್ಛೇದನಕ್ಕೆ ಸೆಕ್ಷನ್ 13ಬಿ. ವಿಶೇಷ ವಿವಾಹ ಕಾಯ್ದೆ, 1954 ಅಂತಿದ್ದರೆ ಸೆಕ್ಷನ್ 28. ಹಿಂದೂ ವಿವಾಹ ಕಾಯ್ದೆ ಬೌದ್ಧ, ಜೈನ, ಸಿಖ್ಖರಿಗೂ ಅನ್ವಯಿಸುತ್ತದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯ ಸೆಕ್ಷನ್ 10ಎ ಇದೆ. ಮುಸ್ಲಿಮರಲ್ಲಿ ಇಬ್ಬರೂ ಒಪ್ಪಿ ಬೇರೆಯಾಗುವುದಕ್ಕೆ ಮುಬಾರಾತ್, ಹೆಂಡತಿಯ ಕೋರಿಕೆಯ ಮೇಲೆ ಆಗುವುದಕ್ಕೆ ಖುಲಾ ಇವೆ. ಒಂದೇ ಉಸಿರಿಗೆ ಮೂರು ತಲಾಕ್ ಹೇಳುವುದು 2019ರ ಕಾಯ್ದೆಯಂತೆ ಅಪರಾಧ, ಅದರಿಂದ ಮದುವೆ ಮುರಿಯುವುದೂ ಇಲ್ಲ. ಇಲ್ಲಿಂದ ಮುಂದೆ ಹೇಳುವುದು ಮುಖ್ಯವಾಗಿ 13ಬಿ ಬಗ್ಗೆ. ಸೆಕ್ಷನ್ 28ರ ದಾರಿಯೂ ಹೆಚ್ಚುಕಡಿಮೆ ಹೀಗೇ.

ಮದುವೆ ನೋಂದಣಿಯೇ ಆಗಿಲ್ಲದಿದ್ದರೆ? ಅರ್ಜಿ ಹಾಕಬಹುದು. ಲಗ್ನಪತ್ರಿಕೆ, ಧಾರೆಯ ಸಮಯದ ಒಂದೆರಡು ಫೋಟೋ, ಇಬ್ಬರ ಪ್ರಮಾಣಪತ್ರ ಸಾಮಾನ್ಯವಾಗಿ ಸಾಕಾಗುತ್ತವೆ.

ಇನ್ನೊಂದು ಮಾತು. ಊರ ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ಬರೆದ ಬಿಡುಗಡೆ ಪತ್ರ, ಉತ್ತರ ಕರ್ನಾಟಕದ ಕಡೆ ಹೇಳುವ ಸೋಡಚೀಟಿ, ನೋಟರಿ ಮುದ್ರೆ ಬಿದ್ದ ಒಪ್ಪಂದ ಇವು ಯಾವುವೂ ಕೋರ್ಟಿನ ಡಿಕ್ರಿಗೆ ಸಮವಲ್ಲ. ಸಮುದಾಯದಲ್ಲಿ ಅಂಥ ರೂಢಿ ತಲೆಮಾರುಗಳಿಂದ ಇದೆ ಎಂದು ಸಾಬೀತು ಮಾಡಿದರೆ ಕಾಯ್ದೆಯ ಸೆಕ್ಷನ್ 29 ಅದಕ್ಕೆ ಮಾನ್ಯತೆ ಕೊಡುತ್ತದೆ, ಆದರೆ ಆ ಸಾಬೀತು ಸುಲಭದ್ದಲ್ಲ. ಚೀಟಿ ನಂಬಿ ಇನ್ನೊಂದು ಮದುವೆಯಾದರೆ ದ್ವಿಪತ್ನಿತ್ವದ ಕೇಸು ಬೀಳಬಹುದು. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 82ರಲ್ಲಿ ಅದಕ್ಕೆ 7 ವರ್ಷದವರೆಗೆ ಶಿಕ್ಷೆಯಿದೆ.

ಅರ್ಜಿಯನ್ನು ಮದುವೆ ನಡೆದ ಊರಿನ, ಇಬ್ಬರೂ ಕೊನೆಯದಾಗಿ ಒಟ್ಟಿಗಿದ್ದ ಊರಿನ ಅಥವಾ ಹೆಂಡತಿ ಈಗ ಇರುವ ಊರಿನ ವ್ಯಾಪ್ತಿಯ ಕೌಟುಂಬಿಕ ನ್ಯಾಯಾಲಯದಲ್ಲಿ ಹಾಕಬಹುದು. ಬೆಂಗಳೂರಿನಲ್ಲಿ ಅದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಫ್ಯಾಮಿಲಿ ಕೋರ್ಟ್ ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ನಡೆಯುತ್ತದೆ.

ಒಂದು ವರ್ಷ, ಆರು ತಿಂಗಳು, ಹದಿನೆಂಟು ತಿಂಗಳು

ಅರ್ಜಿ ಹಾಕುವ ದಿನಕ್ಕೆ ಕನಿಷ್ಠ ಒಂದು ವರ್ಷದಿಂದ ಪ್ರತ್ಯೇಕವಾಗಿ ಇದ್ದಿರಬೇಕು. ಪ್ರತ್ಯೇಕ ಅಂದರೆ ಬೇರೆ ಮನೆಯೇ ಆಗಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡಹೆಂಡಿರಂತೆ ಬಾಳದಿದ್ದರೆ ಅದೂ ಪ್ರತ್ಯೇಕ ವಾಸವೇ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆ. ಬಾಡಿಗೆ ಉಳಿಸಲು ಒಂದೇ ಫ್ಲಾಟಿನಲ್ಲಿ ಎರಡು ಕೋಣೆ ಮಾಡಿಕೊಂಡಿರುವವರು ಇದನ್ನು ಅರ್ಜಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ. ಬೇರೆ ವಿಳಾಸವೆಂದು ಸುಳ್ಳು ಬರೆದು, ಆಧಾರ್ ಕಾರ್ಡಿನಲ್ಲಿ ಎರಡೂ ಕಡೆ ಒಂದೇ ವಿಳಾಸ ಕಂಡು, ನ್ಯಾಯಾಧೀಶರ ಮುಂದೆ ತಡವರಿಸುವುದು ಬೇಡದ ಪೇಚು.

ಇಬ್ಬರ ಸಹಿಯ ಜಂಟಿ ಅರ್ಜಿ ದಾಖಲಾದಾಗ ಎಂ.ಸಿ. ನಂಬರು, ಅಂದರೆ ವೈವಾಹಿಕ ಕೇಸಿನ ಸಂಖ್ಯೆ, ಕೊಡುತ್ತಾರೆ. ಅದರ ಜೊತೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ಡೇಟು ತಾನೇ ಕಾಣುತ್ತದೆ, ಅದಕ್ಕಾಗಿ ವಕೀಲರಿಗೆ ಫೋನು ಮಾಡುತ್ತ ಕೂರಬೇಕಾಗಿಲ್ಲ. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಸಂಧಾನಕ್ಕೆ ಕಳಿಸುತ್ತಾರೆ. ಒಂದುಗೂಡಿಸಲು ಯತ್ನಿಸುವುದು ಫ್ಯಾಮಿಲಿ ಕೋರ್ಟಿನ ಕರ್ತವ್ಯವೆಂದು 1984ರ ಕಾಯ್ದೆಯ ಸೆಕ್ಷನ್ 9ರಲ್ಲೇ ಇದೆ. "ನಾವು ಆಗಲೇ ನಿರ್ಧಾರ ಮಾಡಿಯಾಗಿದೆ, ಇದ್ಯಾಕೆ" ಅಂತ ಸಿಡಿಮಿಡಿಗೊಳ್ಳುವವರು ಬಹಳ. ಸಿಡುಕುವ ಬದಲು ಆ ಕೂಟವನ್ನು ಬಳಸಿಕೊಳ್ಳಿ. ರಾಜಿಪತ್ರದ ಹೊಂದದ ಸಾಲುಗಳನ್ನು ಹೊಂದಿಸಲು ಅದಕ್ಕಿಂತ ಒಳ್ಳೆಯ, ಖರ್ಚಿಲ್ಲದ ಜಾಗ ಸಿಗುವುದಿಲ್ಲ.

ಅರ್ಜಿ ಹಾಕಿದ ದಿನದಿಂದ 6 ತಿಂಗಳಾದ ಮೇಲೆ, 18 ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು "ನಮ್ಮ ಒಪ್ಪಿಗೆ ಈಗಲೂ ಇದೆ" ಎನ್ನಬೇಕು. ಜಂಟಿ ಅರ್ಜಿಯ ಹಂತ ಮೊದಲ ಮೋಷನ್, ಇದು ಎರಡನೇ ಮೋಷನ್. ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡುವ ಅಧಿಕಾರ ಕೆಳಗಿನ ಕೋರ್ಟಿಗೂ ಇದೆ ಎಂದು 2017ರ ಅಮರ್‌ದೀಪ್ ಸಿಂಗ್ ತೀರ್ಪು ಹೇಳುತ್ತದೆ. ಆದರೆ ಮನ್ನಾ ಕೇಳಲು ಮೊದಲ ಅರ್ಜಿಯ ಹೊತ್ತಿಗೇ ಒಂದೂವರೆ ವರ್ಷದ ಪ್ರತ್ಯೇಕ ವಾಸ ಆಗಿರಬೇಕು, ಸಂಧಾನ ಫಲ ಕೊಡದೆ ಹೋಗಿರಬೇಕು, ಜೀವನಾಂಶ, ಮಗು, ಬಾಕಿ ವ್ಯವಹಾರ ಎಲ್ಲ ಇತ್ಯರ್ಥವಾಗಿರಬೇಕು. ಅರ್ಜಿ ಹಾಕಿದ ಒಂದು ವಾರದ ನಂತರ ಕಾರಣ ಬರೆದು ಕೇಳಬಹುದು. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಮನ್ನಾ ಸಿಕ್ಕೇ ಸಿಗುತ್ತದೆ ಅಂದುಕೊಂಡು ಮುಂದಿನ ಮದುವೆಗೆ ಛತ್ರ ಬುಕ್ ಮಾಡಬೇಡಿ.

ಇಲ್ಲೊಂದು ಎಚ್ಚರ. ಡಿಕ್ರಿ ಆಗುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಹಣದ ಕಂತುಗಳನ್ನು ಹೇಗೆ ಜೋಡಿಸಬೇಕು ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿಂದ.

ಹಣ

ಒಂದೇ ಗಂಟು ಕೊಡುವುದೋ ತಿಂಗಳು ತಿಂಗಳು ಕೊಡುವುದೋ ಎಂಬುದು ಮೊದಲ ಪ್ರಶ್ನೆ. ಕೊಡುವವರ ಕೈಯಲ್ಲಿ ಹಣವಿದ್ದರೆ ಹೆಂಡತಿಯ ಮಟ್ಟಿಗೆ ಒಂದೇ ಗಂಟು ಮೇಲು ಎಂಬುದು ನಮ್ಮ ಅಭಿಪ್ರಾಯ. ತಿಂಗಳ ಹಣ ನಿಂತರೆ ವಸೂಲಿಗೆ ಮತ್ತೆ ಕೋರ್ಟು ಹತ್ತಬೇಕು. ತೆರಿಗೆಯಲ್ಲೂ ವ್ಯತ್ಯಾಸವಿದೆ: ಗಂಟಿನ ಮೊತ್ತವನ್ನು ಸಾಮಾನ್ಯವಾಗಿ ಆದಾಯವೆಂದು ಲೆಕ್ಕ ಹಿಡಿಯುವುದಿಲ್ಲ, ತಿಂಗಳ ಜೀವನಾಂಶವನ್ನು ಹಿಡಿಯುತ್ತಾರೆ.

ಎಷ್ಟು? ಸಂಬಳದ ಕಾಲು ಭಾಗ ಎಂಬ ಸೂತ್ರವೊಂದು ಬಾಯಿಂದ ಬಾಯಿಗೆ ಓಡಾಡುತ್ತಿದೆ. ಅದು 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಕೈಗೆ ಬರುವ ಸಂಬಳದ ಶೇ 25 ಸೂಕ್ತ ಎಂದದ್ದರಿಂದ ಬಂದದ್ದು. ಕಾನೂನಿನಲ್ಲಿ ಅಂಥ ಲೆಕ್ಕವಿಲ್ಲ. ಇಬ್ಬರ ಆದಾಯ, ಮದುವೆ ಎಷ್ಟು ವರ್ಷ ನಡೆಯಿತು, ಹೆಂಡತಿ ಕೆಲಸ ಬಿಟ್ಟಿದ್ದರೆ ಯಾರ ಸಲುವಾಗಿ ಬಿಟ್ಟರು, ಮಗು ಯಾರ ಹತ್ತಿರ, ಸಾಲ ಎಷ್ಟು ಎಲ್ಲ ನೋಡುತ್ತಾರೆ. ಅಂದ ಹಾಗೆ, ಹಿಂದೂ ವಿವಾಹ ಕಾಯ್ದೆಯಲ್ಲಿ ಆದಾಯವಿಲ್ಲದ ಗಂಡನೂ ಹೆಂಡತಿಯಿಂದ ಜೀವನಾಂಶ ಕೇಳಬಹುದು.

15 ಲಕ್ಷಕ್ಕೆ ಒಪ್ಪಿಗೆಯಾಗಿದೆ ಎನ್ನಿ. ಗಂಡ ಮೊದಲ ದಿನವೇ ಪೂರ್ತಿ ಕೊಟ್ಟರೆ, ಹೆಂಡತಿ ಎರಡನೇ ಮೋಷನ್‌ಗೆ ಬರದಿದ್ದಾಗ ಅವನ ಕೈಯಲ್ಲಿ ಡಿಕ್ರಿಯೂ ಇಲ್ಲ, ಹಣವೂ ಇಲ್ಲ. ಪೂರ್ತಿ ಕೊನೆಗೆ ಕೊಡುತ್ತೇನೆಂದರೆ ಹೆಂಡತಿ ತನ್ನ ಕೇಸುಗಳನ್ನು ಹಿಂತೆಗೆದು ಬರಿಗೈಯಲ್ಲಿ ನಿಲ್ಲಬೇಕಾದೀತು. ಆದ್ದರಿಂದ ಹಣವನ್ನು ಘಟ್ಟಗಳಿಗೆ ಕಟ್ಟಿ: ಮೊದಲ ಮೋಷನ್‌ನಲ್ಲಿ ಇಬ್ಬರ ಹೇಳಿಕೆ ದಾಖಲಾದ ದಿನ 5 ಲಕ್ಷ, ಎರಡನೇ ಮೋಷನ್‌ನ ದಿನ ಕೋರ್ಟಿನಲ್ಲೇ 7 ಲಕ್ಷ, ಕ್ರಿಮಿನಲ್ ಕೇಸು ಹೈಕೋರ್ಟಿನಲ್ಲಿ ರದ್ದಾದ ದಿನ ಉಳಿದ 3 ಲಕ್ಷ. ಡಿಡಿ ಅಥವಾ ಆರ್‌ಟಿಜಿಎಸ್ ಮೂಲಕವೇ ಆಗಲಿ, ಡಿಡಿ ನಂಬರು ಕೋರ್ಟಿನ ದಾಖಲೆಗೆ ಹೋಗಲಿ. ನಗದು ಬೇಡ. ಮುಂದಿನ ದಿನಾಂಕದ ಚೆಕ್ಕೂ ಬೇಡ. ಚೆಕ್ಕು ಬೌನ್ಸಾದರೆ ಇನ್ನೊಂದು ಕೇಸು.

ಕ್ರಿಮಿನಲ್ ಕೇಸಿನ ಮಾತು ಏಕೆಂದರೆ, ಗಂಡ, ಅವನ ಮನೆಯವರ ಕ್ರೌರ್ಯದ ಕೇಸು (ಹಳೆಯ 498ಎ, ಈಗಿನ ನ್ಯಾಯ ಸಂಹಿತೆಯ 85) ದೂರುದಾರರು "ವಾಪಸ್ ತಗೊಳ್ತೀನಿ" ಅಂದ ಮಾತ್ರಕ್ಕೆ ಮುಗಿಯುವಂಥದ್ದಲ್ಲ. ಅದನ್ನು ಹೈಕೋರ್ಟ್ ರದ್ದು ಮಾಡಬೇಕು. ನಮ್ಮಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಯಾವ ವ್ಯಾಪ್ತಿಯೋ ಅಲ್ಲಿ. ರಾಜಿಪತ್ರದಲ್ಲಿ ಪ್ರತಿ ಕೇಸಿನ ನಂಬರು, ಕೋರ್ಟು, ಠಾಣೆ ಬರೆದು, ಯಾರು ಎಷ್ಟು ದಿನದೊಳಗೆ ಏನು ಸಹಿ ಮಾಡಿಕೊಡಬೇಕು ಎಂದು ನಮೂದಿಸಿ. "ಎಲ್ಲ ಕೇಸುಗಳನ್ನು ಹಿಂಪಡೆಯತಕ್ಕದ್ದು" ಎಂಬ ಒಂದು ಸಾಲಿನಿಂದ ಯಾವ ಕೆಲಸವೂ ಆಗುವುದಿಲ್ಲ.

ಒಡವೆ

ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ಹೆಣ್ಣಿಗೆ ಕೊಟ್ಟದ್ದು ಸ್ತ್ರೀಧನ. ಅದು ಪೂರ್ತಿ ಅವಳದೇ ಎಂದು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಸ್ತ್ರೀಧನವನ್ನು ಜೀವನಾಂಶದ ಮೊತ್ತದಲ್ಲಿ ಸೇರಿಸಿ ಚೌಕಾಸಿ ಮಾಡಬೇಡಿ, ಎರಡಕ್ಕೂ ಬೇರೆ ಬೇರೆ ಪ್ಯಾರಾ ಇರಲಿ.

"ಒಡವೆಗಳನ್ನೆಲ್ಲ ಹಿಂದಿರುಗಿಸಲಾಗಿದೆ" ಅಂತ ಬರೆದರೆ ನಾಳೆ "ನನ್ನ ಬಳೆ ಬಂದಿಲ್ಲ" ಎಂಬ ಮಾತಿಗೆ ಎರಡೂ ಕಡೆ ಪುರಾವೆ ಇರುವುದಿಲ್ಲ. ಪಟ್ಟಿ ಹೀಗಿರಲಿ: ಕರಿಮಣಿ ಸರ ಒಂದು, 32 ಗ್ರಾಂ, ಬಳೆ ನಾಲ್ಕು, ಒಟ್ಟು 48 ಗ್ರಾಂ, ಜುಮುಕಿ ಒಂದು ಜೊತೆ, 10 ಗ್ರಾಂ, ಬೆಳ್ಳಿ ದೀಪ ಒಂದು ಜೊತೆ, 400 ಗ್ರಾಂ. ಇಬ್ಬರೂ ಒಟ್ಟಿಗೆ ಅಂಗಡಿಯೊಂದರಲ್ಲಿ ತೂಗಿಸಿ, ಚೀಟಿಗೆ ಇಬ್ಬರೂ ಸಹಿ ಮಾಡಿ, ವಕೀಲರ ಕಚೇರಿಯಲ್ಲೋ ಮಧ್ಯಸ್ಥಿಕೆ ಕೇಂದ್ರದಲ್ಲೋ ಕೊಟ್ಟು ರಸೀದಿ ಬರೆಸಿಕೊಳ್ಳಿ. ಒಡವೆ ಅಡವಿನಲ್ಲಿದ್ದರೆ ಯಾರು ಯಾವ ತಾರೀಕಿನೊಳಗೆ ಬಿಡಿಸಿಕೊಡಬೇಕು ಎಂಬುದೂ ಬೇಕು.

ಮನೆ ಮತ್ತು ಸಾಲ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. "ಇನ್ನು ಮುಂದೆ ಸಾಲದ ಕಂತನ್ನು ಗಂಡನೇ ಕಟ್ಟತಕ್ಕದ್ದು" ಎಂದು ರಾಜಿಪತ್ರದಲ್ಲಿ ಬರೆದು ಕೋರ್ಟ್ ಒಪ್ಪಿದರೂ ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ. ಬ್ಯಾಂಕು ಆ ರಾಜಿಗೆ ಸಹಿ ಹಾಕಿಲ್ಲವಲ್ಲ. ಜಂಟಿ ಸಾಲಗಾರರಾಗಿ ಹೆಸರಿರುವವರೆಗೆ ಬಾಕಿಗೆ ಇಬ್ಬರೂ ಹೊಣೆ, ಸಿಬಿಲ್ ಅಂಕವೂ ಇಬ್ಬರದ್ದೂ ಕೆಡುತ್ತದೆ. ಅರ್ಜಿಗೆ ಮುಂಚೆಯೇ ಬ್ಯಾಂಕಿಗೆ ಹೋಗಿ, ಉಳಿಯುವವರ ಆದಾಯದ ಮೇಲಷ್ಟೇ ಸಾಲ ಮುಂದುವರಿಸುತ್ತಾರೆಯೇ ಕೇಳಿ. ಒಪ್ಪದಿದ್ದರೆ ಮನೆ ಮಾರಿ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಳ್ಳುವುದು ವಾಸಿ.

ಮನೆ ಅಥವಾ ಸೈಟು ಒಬ್ಬರ ಹೆಸರಿಗೆ ಹೋಗಬೇಕಿದ್ದರೆ ದಾನಪತ್ರವೋ ಹಕ್ಕು ಖುಲಾಸೆ ಪತ್ರವೋ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಬೇಕು. ರಾಜಿಪತ್ರದಲ್ಲಿ ಬರೆದದ್ದನ್ನೇ ನಂಬಿ ಕೂತರೆ ಖಾತೆ ಬದಲಾಯಿಸುವಾಗ ಸಿಕ್ಕಿಕೊಳ್ಳುತ್ತೀರಿ. ಕರ್ನಾಟಕದಲ್ಲಿ ಗಂಡ ಹೆಂಡತಿಯ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ, ಕುಟುಂಬದೊಳಗಿನ ವ್ಯವಹಾರ ಎಂಬ ಕಾರಣಕ್ಕೆ. ಡಿಕ್ರಿ ಆದ ಮರುದಿನ ನೀವು ಗಂಡ ಹೆಂಡತಿ ಅಲ್ಲ, ಆಗ ಆ ರಿಯಾಯಿತಿಯ ಆಧಾರವೇ ಹೋಗುತ್ತದೆ. ಆದ್ದರಿಂದ ನೋಂದಣಿಯನ್ನು ಎರಡನೇ ಮೋಷನ್‌ಗೆ ಮುಂಚಿನ ವಾರಗಳಲ್ಲಿ ಮುಗಿಸಿಕೊಳ್ಳುವುದು ಜಾಣತನ. ಬಿಟ್ಟುಕೊಡುವವರಿಗೆ ಅಳುಕಿದ್ದರೆ ಹಣದ ಕಂತಿನ ಹಾಗೆ ಇದನ್ನೂ ಒಂದು ಘಟ್ಟಕ್ಕೆ ಜೋಡಿಸಿ.

ಮಗು

ಮಗು ಯಾರ ಹತ್ತಿರ ಇರಬೇಕೆಂಬುದರಲ್ಲಿ ಕೋರ್ಟು ನೋಡುವುದು ಮಗುವಿನ ಹಿತ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದು 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ನೀವೇ ಒಪ್ಪಿ ಬರೆದುಕೊಂಡರೂ, ಮಗುವಿಗೆ ಒಗ್ಗದಿದ್ದಾಗ ಆ ವ್ಯವಸ್ಥೆಯನ್ನು ಮುಂದೆ ಬದಲಿಸಲು ಬರುತ್ತದೆ.

"ತಂದೆಗೆ ಮಗುವನ್ನು ಆಗಾಗ ಭೇಟಿ ಮಾಡುವ ಹಕ್ಕಿರುತ್ತದೆ" ಎಂಬ ಸಾಲು ಜಗಳಕ್ಕೆ ಬೀಜ. ಆಗಾಗ ಅಂದರೆ ಎಷ್ಟು? ಬದಲಿಗೆ ಹೀಗೆ ಬರೆಯಿರಿ:

"ಪ್ರತಿ ತಿಂಗಳ ಮೊದಲನೇ ಮತ್ತು ಮೂರನೇ ಶನಿವಾರ ಬೆಳಿಗ್ಗೆ 10 ಗಂಟೆಗೆ ತಂದೆಯು ತಾಯಿಯ ಮನೆಯ ಗೇಟಿನಿಂದ ಮಗುವನ್ನು ಕರೆದುಕೊಂಡು ಹೋಗಿ, ಭಾನುವಾರ ಸಂಜೆ 6 ಗಂಟೆಯೊಳಗೆ ಅಲ್ಲಿಗೇ ತಂದುಬಿಡತಕ್ಕದ್ದು. ಮಗುವಿಗೆ ಹುಷಾರಿಲ್ಲದೆ ಕಳಿಸಲಾಗದಿದ್ದರೆ ಹಿಂದಿನ ದಿನ ರಾತ್ರಿ 8ರೊಳಗೆ ತಿಳಿಸತಕ್ಕದ್ದು, ಆ ಭೇಟಿ ಮುಂದಿನ ಶನಿವಾರಕ್ಕೆ ಹೋಗತಕ್ಕದ್ದು. ದಸರಾ ರಜೆಯ ಮೊದಲರ್ಧ ತಂದೆಯ ಬಳಿ, ಉಳಿದರ್ಧ ತಾಯಿಯ ಬಳಿ. ಬೇಸಿಗೆ ರಜೆಯಲ್ಲಿ ತಂದೆಯ ಬಳಿ 20 ದಿನ. ಬುಧವಾರ ಮತ್ತು ಶುಕ್ರವಾರ ಸಂಜೆ 7ರಿಂದ 7.30ರವರೆಗೆ ವಿಡಿಯೊ ಕರೆ."

ಓದಲು ರೈಲಿನ ವೇಳಾಪಟ್ಟಿಯ ಹಾಗಿದೆ, ನಿಜ. ಹಾಗೇ ಇರಬೇಕು. ಹೊಂದಾಣಿಕೆ ಇದ್ದಾಗ ಇದನ್ನು ಯಾರೂ ತೆಗೆದು ನೋಡುವುದಿಲ್ಲ, ಹೊಂದಾಣಿಕೆ ಹೋದ ದಿನ ಇದೊಂದೇ ಆಧಾರ. ಶಾಲೆ ಬದಲಿಸುವುದು, ಬೇರೆ ಊರಿಗೆ ಹೋಗುವುದು, ಪಾಸ್‌ಪೋರ್ಟಿಗೆ ಎಷ್ಟು ದಿನದಲ್ಲಿ ಸಹಿ ಕೊಡಬೇಕು, ಶಾಲೆಯ ಅಂಕಪಟ್ಟಿ ಇಬ್ಬರಿಗೂ ಸಿಗಬೇಕೇ, ಆರೋಗ್ಯ ವಿಮೆ ಯಾರ ಹೆಸರಲ್ಲಿ ಇವಕ್ಕೂ ಒಂದೊಂದು ಸಾಲು ಇರಲಿ.

ಮಗುವಿನ ಖರ್ಚಿಗೆ ತಿಂಗಳಿಗೆ 10,000 ಎಂದಷ್ಟೇ ಬರೆದರೆ ಹತ್ತು ವರ್ಷದ ನಂತರವೂ ಅದು ಹತ್ತೇ ಸಾವಿರ. ವರ್ಷಕ್ಕೆ ಶೇ 8 ಏರಿಕೆ ಎಂದು ಸೇರಿಸಿದರೆ, ಇವತ್ತು ಐದು ವರ್ಷದ ಮಗುವಿಗೆ 18 ತುಂಬುವ ಹೊತ್ತಿಗೆ ಮೊತ್ತ 27,000 ದಾಟುತ್ತದೆ. ಶಾಲೆಯ ಶುಲ್ಕವನ್ನು ಇದರಿಂದ ಹೊರಗಿಟ್ಟು, ನೇರ ಶಾಲೆಗೇ ಕಟ್ಟುವಂತೆ ಬರೆಯುವುದು ಇನ್ನೂ ಒಳ್ಳೆಯದು.

"ನನಗೂ ಬೇಡ, ಮಗುವಿಗೂ ಏನೂ ಬೇಡ, ಬಿಟ್ಟರೆ ಸಾಕು" ಎಂದು ಬರೆದುಕೊಡುವ ತಾಯಂದಿರಿದ್ದಾರೆ. ಮಗುವಿನ ಜೀವನಾಂಶದ ಹಕ್ಕು ಮಗುವಿನದು, ಅದನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ. ಆ ಸಾಲನ್ನು ನಂಬಿ ನಿಶ್ಚಿಂತೆಯಾಗಿರುವ ತಂದೆಯೂ ತಪ್ಪು ತಿಳಿದಿದ್ದಾನೆ.

ಒಬ್ಬರು ಒಪ್ಪದಿದ್ದರೆ

ಆಗ ಸೆಕ್ಷನ್ 13ರ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕು: ಕ್ರೌರ್ಯ, ಎರಡು ವರ್ಷ ತೊರೆದಿರುವುದು, ವ್ಯಭಿಚಾರ, ಮತಾಂತರ ಇತ್ಯಾದಿ. ಮದುವೆ ಮರಳಿ ಕೂಡದಷ್ಟು ಮುರಿದಿದೆ ಎಂಬ ಕಾರಣಕ್ಕಷ್ಟೇ ವಿಚ್ಛೇದನ ಕೊಡುವ ಅಧಿಕಾರ ಫ್ಯಾಮಿಲಿ ಕೋರ್ಟಿಗಿಲ್ಲ. ಅದು ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ ಎಂಬುದು 2023ರ ಶಿಲ್ಪಾ ಶೈಲೇಶ್ ತೀರ್ಪಿನಿಂದ ಸ್ಪಷ್ಟ. ಕೇಸು ವರ್ಷಗಟ್ಟಲೆ ಎಳೆಯಬಹುದು, ನಡುವೆ ಸಂಧಾನವಾಗಿ 13ಬಿಗೆ ಬದಲಾಗುವುದೂ ಉಂಟು.

ಅಲ್ಲಿಯವರೆಗಿನ ಬದುಕಿಗೆ ಸೆಕ್ಷನ್ 24ರ ಮಧ್ಯಂತರ ಜೀವನಾಂಶವಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಇದೆ. ಜನ ಇನ್ನೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ ನಂಬರಿನಿಂದ 125 ಅಂತಲೇ ಕರೆಯುವುದು ಇದನ್ನೇ. 2020ರ ರಜನೀಶ್ ಮತ್ತು ನೇಹಾ ಪ್ರಕರಣದ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಹಾಗಾಗಿ ಅರ್ಜಿಯನ್ನು "ಆಮೇಲೆ ನೋಡೋಣ" ಅಂತ ಮುಂದೂಡಿದಷ್ಟೂ ನಷ್ಟ. ಸೆಕ್ಷನ್ 144ರ ಆದೇಶದ ಹಣ ಬಾರದಿದ್ದರೆ, ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿ ವಾರಂಟಿಗೆ ಅರ್ಜಿ ಹಾಕಬೇಕು. ಈ ಗಡುವು ತಪ್ಪಿಸಿಕೊಂಡು ಪರದಾಡುವವರು ಬಹಳ.

ಮನೆಯಲ್ಲಿ ಹೊಡೆತ ಬಡಿತ ಇದ್ದರೆ ರಾಜಿಯ ಮಾತು ಆಮೇಲೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣೆ, ವಾಸದ ಹಕ್ಕು, ಖರ್ಚು ಮೂರನ್ನೂ ಕೇಳಬಹುದು. ಒಟ್ಟಿಗೆ ಬಾಳಿದ ಮನೆ ಅತ್ತೆ ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಸೊಸೆಯನ್ನು ಹೊರಹಾಕಲು ಬರುವುದಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ.

ಹೊರದೇಶದಲ್ಲಿದ್ದರೆ

ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ನೆಲೆಸಿದವರು ಅಲ್ಲಿನ ಕೋರ್ಟಿನಿಂದ ಡಿಕ್ರಿ ತಂದು "ಮುಗೀತು" ಅಂದುಕೊಳ್ಳುತ್ತಾರೆ. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಯಾದರೆ, ಇಲ್ಲಿನ ಕಾನೂನು ಒಪ್ಪುವ ಕಾರಣದ ಮೇಲೆ, ಎರಡನೆಯವರೂ ಮನಃಪೂರ್ವಕವಾಗಿ ಅಲ್ಲಿನ ಕೋರ್ಟಿಗೆ ಒಳಪಟ್ಟಿದ್ದರೆ ಮಾತ್ರ ಅದು ಇಲ್ಲಿ ನಿಲ್ಲುತ್ತದೆ ಎಂಬುದು 1991ರ ವೈ. ನರಸಿಂಹರಾವ್ ತೀರ್ಪಿನ ಸಾರ. ಒಬ್ಬರೇ ಹೋಗಿ, ಇನ್ನೊಬ್ಬರು ನೋಟಿಸಿಗೆ ಉತ್ತರವನ್ನೇ ಕೊಡದೆ ಬಂದ ಡಿಕ್ರಿ ಇಲ್ಲಿ ಗಟ್ಟಿಯಲ್ಲ.

ಇಲ್ಲೇ 13ಬಿ ಹಾಕುವುದಾದರೆ ಹತ್ತಿರದ ಸಂಬಂಧಿಕರಿಗೆ ಅಧಿಕಾರಪತ್ರ ಕೊಟ್ಟು, ವಿಡಿಯೊ ಮೂಲಕ ಹೇಳಿಕೆ ಕೊಡಲು ಅನುಮತಿ ಕೇಳಬಹುದು. ಹೊರದೇಶದಲ್ಲಿ ಬರೆದ ಅಧಿಕಾರಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಂಡಿರಬೇಕು. ಕೊರಿಯರ್ ಕವರನ್ನು ಎಸೆಯಬೇಡಿ, ಬಂದ ತಾರೀಕಿಗೆ ಅದೇ ಸಾಕ್ಷಿ.

ಡಿಕ್ರಿ ಬಂದ ಮೇಲೆ

ದೃಢೀಕೃತ ಪ್ರತಿಗಳನ್ನು ಒಂದಲ್ಲ, ಕನಿಷ್ಠ ಮೂರು ತೆಗೆಸಿ. ಪಾಸ್‌ಪೋರ್ಟ್ ಕಚೇರಿ, ಬ್ಯಾಂಕು, ಮರುಮದುವೆಯ ನೋಂದಣಿ ಎಲ್ಲ ಕಡೆ ಕೇಳುತ್ತಾರೆ. ಡಿಕ್ರಿಗೆ ರಾಜಿಪತ್ರವನ್ನು ಲಗತ್ತಿಸಿದ್ದಾರೆಯೇ, ಹೆಸರು, ತಾರೀಕು, ಮೊತ್ತ ಸರಿಯಿವೆಯೇ ಅವತ್ತೇ ಓದಿ ನೋಡಿ. ಅಕ್ಷರ ತಪ್ಪಿದ್ದರೆ ತಿದ್ದುಪಡಿಗೆ ಅರ್ಜಿ ಹಾಕಬಹುದು, ಆದರೆ ಮೂರು ವರ್ಷ ಬಿಟ್ಟು ಕಡತ ಹುಡುಕಿಸುವುದು ತ್ರಾಸ.

ಭವಿಷ್ಯನಿಧಿ, ಎಲ್‌ಐಸಿ, ಬ್ಯಾಂಕ್ ಖಾತೆ, ಮ್ಯೂಚುವಲ್ ಫಂಡ್ ಇವುಗಳಲ್ಲಿ ನಾಮಿನಿ ಹೆಸರನ್ನು ನೀವೇ ಬದಲಾಯಿಸಬೇಕು. ವಿಚ್ಛೇದನವಾದ ಸುದ್ದಿ ಅವರಿಗೆ ಹೋಗುವುದಿಲ್ಲ. ಜಂಟಿ ಖಾತೆ, ಲಾಕರ್, ಕ್ರೆಡಿಟ್ ಕಾರ್ಡಿನ ಹೆಚ್ಚುವರಿ ಕಾರ್ಡು ಮುಚ್ಚಿಸಿ. ಪಡಿತರ ಚೀಟಿ ಬೇರೆ ಮಾಡಿಸಿಕೊಳ್ಳಿ. ಬೇರೆಯವರ ಫೋನ್ ನಂಬರಿಗೆ ನಿಮ್ಮ ಬ್ಯಾಂಕಿನ ಒಟಿಪಿ ಹೋಗುತ್ತಿದ್ದರೆ ಅದನ್ನು ಬದಲಾಯಿಸುವುದು ಎಲ್ಲಕ್ಕಿಂತ ಮೊದಲ ಕೆಲಸ.